ಹೊಂಬಾಳಮ್ಮನ ಕಡೇ ಮಗ

ಜೈಲಿಗೆ ಹೋದವರ ಮಕ್ಕಳನ್ನು ಯಾರು ಸಾಕುತ್ತಾರೆ ಎಂದು ತಿಳಿಯಲು ಯೋಗಿತಾ ಎಂಬ ಸಂಶೋಧನೆಯ ಹುಡುಗಿ ಊರೂರು ಸುತ್ತುತ್ತಿದ್ದಳು. ಅವಳು ದಬ್ಬೇಘಟ್ಟದಲ್ಲಿ ಬಸ್ಸಿಳಿದು, ಪುಸ್ತಕ ಹಿಡಿದು ಬಾಗಿಲಿಗೆ ಬಂದಾಗ ಹೊಂಬಾಳಮ್ಮನ ಎದೆ ಧಸಕ್ಕೆಂದಿತು. ಏಳು ವರ್ಷದ ಶಿಲ್ಪಳನ್ನು ಕರೆದೊಯ್ಯಲು ಸರ್ಕಾರದವರೇ ಬಂದರು ಎಂದುಕೊಂಡಳು ಮುದುಕಿ.

ಶಿಲ್ಪ ಅವಳ ಮೊಮ್ಮಗಳೇನೂ ಅಲ್ಲ. ಮಗುವಿನ ಅಪ್ಪ ದುರ್ಗಯ್ಯ ಇಪ್ಪತ್ತು ವರ್ಷದಿಂದ ಹೊಂಬಾಳಮ್ಮನ ತೋಟದ ಕಾಯಿ ಸುಲಿಯುತ್ತಿದ್ದವನು, ಹಿಂದಿಲ್ಲ ಮುಂದಿಲ್ಲದವನು. ಹೆಂಡತಿ ತೀರಿಕೊಂಡಿದ್ದಳು. ಯಾರದೋ ಮದುವೆಯಲ್ಲಿ ಮಾತಿಗೆ ಮಾತು ಬೆಳೆದು ಒಬ್ಬನ ತಲೆ ಒಡೆದು ಜೈಲು ಸೇರಿದ. ಅವನಿಗೆ ಒಳ್ಳೆಯ ಗುಣ ನೂರಿದ್ದವು, ತಾಳ್ಮೆಯೊಂದು ಇರಲಿಲ್ಲ. ಅವತ್ತೇ ಹೊಂಬಾಳಮ್ಮ ಮಗುವಿನ ಕೈ ಹಿಡಿದು ಮನೆಗೆ ಕರೆತಂದಳು, ಯಾರನ್ನೂ ಕೇಳಲಿಲ್ಲ.

ಅಪ್ಪನನ್ನು ನೋಡಬೇಕೆಂದು ಮಗು ಹಟ ಹಿಡಿದಾಗ ಮಾತ್ರ ಅವಳಿಗೆ ಸಂಕಟ. ಜೈಲಿನ ಬಾಗಿಲಲ್ಲಿ 'ನೀನು ಅವನಿಗೆ ಏನಾಗಬೇಕು?' ಎಂದರೆ ಏನು ಹೇಳುವುದು? ಏನೂ ಆಗಬೇಕಿಲ್ಲ ಎಂದರೆ ಮಗುವನ್ನು ಅಲ್ಲೇ ಇಟ್ಟುಕೊಂಡುಬಿಟ್ಟರೆ? ಈ ಹೆದರಿಕೆಯಲ್ಲೇ ಹನ್ನೊಂದು ತಿಂಗಳು ಕಳೆದಿದ್ದವು.

"ನಾನು ಸರ್ಕಾರದವಳಲ್ಲ ಅಜ್ಜಿ, ಓದ್ತಿರೋಳು," ಎಂದಳು ಯೋಗಿತಾ. ಹೊಂಬಾಳಮ್ಮ ನಂಬಲಿಲ್ಲ.

"ದುರ್ಗಯ್ಯ ನಿಮಗೇನಾಗ್ಬೇಕು?"

"ಮಗ ಕಣವ್ವ. ನಾನೇ ಹೆತ್ತ ಕಡೇ ಮಗ."

"ನಿಮಗೆ ಎಷ್ಟು ಮಕ್ಕಳು?"

"ಒಬ್ಳೇ ಮಗ್ಳು, ತಿಪಟೂರ್ಗೆ ಕೊಟ್ಟಿವ್ನಿ," ಎಂದುಬಿಟ್ಟು ಮುದುಕಿ ನಾಲಿಗೆ ಕಚ್ಚಿಕೊಂಡಳು. "ಅಂದ್ರೆ... ಅವ್ಳಾದ್ಮೇಲೆ ಇವ್ನು."

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕು. ಹೊಂಬಾಳಮ್ಮನ ಬಳಿ ಎರಡನೆಯದೂ ಸರಿಯಾಗಿ ಇರಲಿಲ್ಲ. ಅಷ್ಟರಲ್ಲಿ ಕಂಬಕ್ಕೊರಗಿ ಕೊಬ್ಬರಿ ಚೂರು ಅಗಿಯುತ್ತಿದ್ದ ಶಿಲ್ಪ ಬಾಯಿ ಹಾಕಿದಳು: "ಅಜ್ಜೀ, ಅಪ್ಪ ನಿನ್ನ 'ಅಮ್ಮಾವ್ರೇ' ಅಂತ ಕರೀತಾನಲ್ಲ? ಅವ್ವ ಅನ್ನಲ್ವಲ್ಲ!"

ಹೊಂಬಾಳಮ್ಮ ಶಿಲ್ಪಳನ್ನು ಹತ್ತಿರಕ್ಕೆಳೆದುಕೊಂಡಳು. "ಹೂಂ ಕಣವ್ವ, ಸುಳ್ಳು. ನಾನು ಹೆತ್ತಿಲ್ಲ. ಆದ್ರೆ ಈ ಕೂಸಿಗೆ ಜ್ವರ ಬಂದ್ರೆ ನಂಗೆ ಅನ್ನ ಸೇರಕಿಲ್ಲ. ಏನಾರ ಬರ್ಕೋ, ಇದ್ನ ಮಾತ್ರ ಕರ್ಕೊಂಡೋಗ್ಬೇಡ."

ಯೋಗಿತಾ ಪೆನ್ನು ಕೆಳಗಿಟ್ಟಳು. "ಯಾರೂ ಕರ್ಕೊಂಡು ಹೋಗಲ್ಲ ಅಜ್ಜಿ. ಹೋದ ವಾರ ಜೈಲಲ್ಲಿ ದುರ್ಗಯ್ಯನವರನ್ನ ಮಾತಾಡಿಸ್ದೆ. ಈ ಮನೆ ಗುರುತು ಹೇಳಿ ಕಳಿಸಿದ್ದೇ ಅವರು. ಅವರ ಮಾತನ್ನ ನಿಮಗೆ ಓದಿ ಹೇಳ್ಬೇಕಂತೆ."

ಅವಳು ಪುಸ್ತಕದ ಹಿಂದಿನ ಹಾಳೆ ತೆಗೆದು ಓದಿದಳು: "'ನಮ್ಮವ್ವ ದಬ್ಬೇಘಟ್ಟದಲ್ಲವ್ಳೆ, ಹೊಂಬಾಳಮ್ಮ ಅಂತ. ಮಗೀನ ಚಿಂತೆ ನಂಗಿಲ್ಲ. ನೋಡಕ್ಕೆ ಬರೋರ ಪಟ್ಟೀಲಿ ಅವಳ ಹೆಸ್ರೇ ಬರ್ಸಿವ್ನಿ. ದಿನಾ ದಾರಿ ನೋಡ್ತೀನಿ.'"

ಹೊಂಬಾಳಮ್ಮ ಆ ಹಾಳೆಯನ್ನು ಮುಟ್ಟಿ ನೋಡಿದಳು. ಆಮೇಲೆ ಸಿಟ್ಟು ಬಂತು.

"ಇಪ್ಪತ್ತು ವರ್ಸ ನನ್ನ ಮುಂದೆ ಬಾಯಿಗೇನು ಬಂದಿತ್ತು ಅವ್ನಿಗೆ! ಒಂದ್ಸಲ ಅವ್ವ ಅಂದಿದ್ರೆ ಗಂಟೋಯ್ತಿತ್ತಾ?" ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಅಷ್ಟು ಸಂತೋಷವಾಗಿತ್ತು.

"ಏ ಶಿಲ್ಪಾ, ಎದ್ದು ತಲೆ ಬಾಚ್ಕೊಳ್ಳೇ," ಎಂದು ಕೂಗಿ, ಯೋಗಿತಾಳ ಕಡೆ ತಿರುಗಿದಳು. "ನಾಳೆ ನೋಡಕ್ಕೆ ಬುಡ್ತಾರೇನವ್ವ? ಬಾಗ್ಲಲ್ಲಿ ಯಾರು ಅಂತ ಕೇಳಿದ್ರೆ, ಅವರವ್ವ ಬಂದವ್ಳೆ ಅಂತೀನಿ."