ಕಿಲುಬಲ್ಲ, ಮೈಬಣ್ಣ

ನಿಂಬೆಯ ಎರಡನೇ ಹೋಳನ್ನು ಬಟ್ಟಲಿಗೆ ಹಿಂಡುತ್ತಿದ್ದ ಮೇಷ್ಟ್ರ ತಂಗಿಯ ಕೈಯನ್ನು ವಾಚ್ ರಿಪೇರಿಯವರು ಗಬಕ್ಕನೆ ಹಿಡಿದುಕೊಂಡರು. ಗೆಳೆಯನ ಹೆಣ ನಡುಮನೆಯಲ್ಲಿರುವಾಗ ಅವನ ತಂಗಿಯ ಕೈ ಹಿಡಿದು ನಿಂತಿದ್ದೇನೆಂಬುದು ಆಮೇಲೆ ಹೊಳೆದು, ಬಿಟ್ಟರು.

"ಏನಾಯ್ತು ವಾಚಣ್ಣ?"

"ಏನಿಲ್ಲಮ್ಮ. ಇದೇನು ಮಾಡ್ತಿದ್ದೀಯ?"

"ಅಣ್ಣನ ಕಾಸು ಉಜ್ಜೋಕೆ. ಅವನ ಪಕ್ಕದಲ್ಲಿಡೋಣ ಅಂತ. ಬಂದವರು ನೋಡಿದ್ರೆ ಏನಂದ್ಕೋತಾರೆ? ಜೀವಮಾನವೆಲ್ಲ ಕಿಲುಬು ಕಾಸು ಕೂಡಿಟ್ಟ ಅನ್ನಲ್ವಾ?"

ಅಟ್ಟದಿಂದ ಇಳಿಸಿದ ಪೆಟ್ಟಿಗೆ ಅಡುಗೆಕಟ್ಟೆಯ ಮೇಲೆ ಬಾಯಿ ತೆರೆದಿತ್ತು. ಒಳಗೆ ರೋಮನ್ ಕಂಚಿನ ನಾಣ್ಯಗಳು. ಸಾವಿರದೇಳುನೂರು ವರ್ಷ ಮಣ್ಣಿನಲ್ಲಿ ನಿದ್ದೆ ಹೊಡೆದು ಎದ್ದ ಚಕ್ರವರ್ತಿಗಳು, ತಲಾ ಒಂದೊಂದು ಹಸಿರಿನಲ್ಲಿ: ಪಾಚಿಯ ಹಸಿರು, ಗಿಳಿಯ ಹಸಿರು, ಸಂಜೆಯ ಕೆರೆಯ ಹಸಿರು. ಡ್ರಾಯಿಂಗ್ ಮೇಷ್ಟ್ರು ಬದುಕಿದ್ದಾಗ ಸಿಕ್ಕವರನ್ನೆಲ್ಲ ತಿದ್ದುತ್ತಿದ್ದರು: "ಕಿಲುಬಲ್ಲ ಕಣ್ರೀ, ಮೈಬಣ್ಣ. ಮಣ್ಣಿನಷ್ಟು ನಿಧಾನದ ಚಿತ್ರಗಾರ ಇನ್ನೊಬ್ಬನಿಲ್ಲ. ಸಹಿ ಕೂಡ ಹಾಕಲ್ಲ." ತಿದ್ದಿದ್ದರ ಫಲವಾಗಿ ಊರು ಅವರನ್ನು ಕಿಲುಬು ಮೇಷ್ಟ್ರು ಎಂದೇ ಕರೆಯಿತು.

"ಉಜ್ಜಬೇಡ," ಎಂದರು ವಾಚ್ ರಿಪೇರಿಯವರು.

"ಯಾಕೆ?"

ಯಾಕೆಂದು ಹೇಳಿದರೆ ನಡುಮನೆಯಲ್ಲಿ ಕೂತ ಮೇಷ್ಟ್ರ ಹೆಂಡತಿಯ ಕಿವಿಗೆ ಬೀಳುತ್ತದೆ. ಮೂವತ್ತೆಂಟು ವರ್ಷ ಕಾಪಾಡಿದ ಗುಟ್ಟು ಇವತ್ತೇ ರಟ್ಟಾಗುತ್ತದೆ. ಹೇಳದಿದ್ದರೆ ಚಕ್ರವರ್ತಿಗಳ ಕತೆ ಮುಗಿಯಿತು.

*

ಮದುವೆಯಾದ ಹೊಸತು. ಶಾಲೆಯಿಂದ ಬಂದ ಮೇಷ್ಟ್ರ ಅಂಗೈಗೆ ಹೆಂಡತಿ ಒಂದು ನಾಣ್ಯವಿಟ್ಟರು. ಇದ್ದುದರಲ್ಲೇ ಚೆಲುವಾದದ್ದು, ನವಿಲಿನ ಕತ್ತಿನ ಬಣ್ಣದ್ದು. ಈಗ ಹೊಸ ನಲ್ಲಿಯಂತೆ ಥಳಥಳಿಸುತ್ತಿತ್ತು.

"ಮಧ್ಯಾಹ್ನವೆಲ್ಲ ಉಜ್ಜಿದೆ. ನಿಮಗೆಲ್ಲಿ ಪುರುಸೊತ್ತು, ಪಾಪ."

ಮೇಷ್ಟ್ರು ನಾಣ್ಯ ನೋಡಿದರು. ಆಮೇಲೆ ಹೆಂಡತಿಯ ಸುಲಿದ ಬೆರಳ ತುದಿ ನೋಡಿದರು.

"ಇದನ್ನ ಪೆಟ್ಟಿಗೇಲಿ ಇಡಬಾರದು. ಜೇಬಲ್ಲೇ ಇಟ್ಕೋತೀನಿ."

ಮರುದಿನ, ನೂರು ಗಡಿಯಾರಗಳು ನೂರು ಹೊತ್ತು ತೋರಿಸುತ್ತಿದ್ದ ಅಂಗಡಿಯಲ್ಲಿ ಕೂತು ಅತ್ತರು. ಅವಳಿಗೆ ಗೊತ್ತಾಗಬಾರದೆಂದು ಗೆಳೆಯನಿಂದ ಆಣೆ ಮಾಡಿಸಿಕೊಂಡರು. ಅಂದಿನಿಂದ ನಾಣ್ಯ ಜೇಬಿನಲ್ಲಿ, ಹೆಬ್ಬೆರಳು ನಾಣ್ಯದ ಮೇಲೆ. ಬೆವರು ತಾಗಿ ತಾಗಿ ಬಣ್ಣ ಮರಳೀತೆಂಬ ಆಸೆ. ಮಣ್ಣಿನ ಕೆಲಸವನ್ನು ಮೇಷ್ಟ್ರೇ ವಹಿಸಿಕೊಂಡರು.

*

"ಇವತ್ತು ಹುಳಿ ಮುಟ್ಟಬಾರದಮ್ಮ."

"ಯಾವ ಶಾಸ್ತ್ರದಲ್ಲಿದೆ?"

"ಅದು... ನಮ್ಮ ವಾಚಿನ ಶಾಸ್ತ್ರದಲ್ಲಿ."

"ನಿಮ್ಮ ಮುಳ್ಳೇ ಸರಿಯಿಲ್ಲ, ಬಿಡಿ," ಎಂದು ತಂಗಿ ಒಬ್ಬ ಚಕ್ರವರ್ತಿಯನ್ನು ಎತ್ತಿಕೊಂಡಳು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ನೀರಿನಡಿ ನಡೆಯುವವರಂತೆ ಒಳಗೆ ಬಂದರು. ಬಟ್ಟಲನ್ನು ಎತ್ತಿ ಸಿಂಕಿಗೆ ಸುರಿದರು.

"ಬೇಡ ಕಣೇ. ನಾನು ಒಂದನ್ನ ಉಜ್ಜಿ ಕೆಡಿಸಿದ್ದು ಸಾಕು."

ವಾಚ್ ರಿಪೇರಿಯವರು ಅವರತ್ತ ತಿರುಗಿದರು. "ಅತ್ತಿಗೆ, ನಿಮಗೆ ಗೊತ್ತಿತ್ತಾ?"

"ಆ ವಾರವೇ. ಜೇಬಲ್ಲೇ ಇಟ್ಕೋತೀನಿ ಅಂದವರು ಇನ್ನೊಂದು ಉಜ್ಜಿಕೊಡು ಅನ್ನಲಿಲ್ಲ. ಪೆಟ್ಟಿಗೆ ಬೇರೆ ಅಟ್ಟ ಹತ್ತಿತು."

"ಮತ್ತೆ ಒಂದು ಮಾತೂ ಆಡಲಿಲ್ಲ?"

"ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರು. ಅದನ್ನೂ ಯಾಕೆ ಕೆಡಿಸೋದು ಅಂತ ಸುಮ್ಮನಾದೆ."

ಹೊರಗೆ ಶವವಾಹನ ಬಂದು ನಿಂತ ಸದ್ದಾಯಿತು. ಮೇಷ್ಟ್ರ ಹೆಂಡತಿ ಬಾಗಿಲ ಹಿಂದೆ ನೇತಾಡುತ್ತಿದ್ದ ಗಂಡನ ಅಂಗಿಯ ಜೇಬಿಗೆ ಕೈಹಾಕಿ ನಾಣ್ಯ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. ನವಿಲು ಮರಳಿರಲಿಲ್ಲ. ಆದರೆ ಚಕ್ರವರ್ತಿಯ ಕೆನ್ನೆ, ಕತ್ತು, ಹಣೆ ಎಲ್ಲ ಜೇನಿನಂತೆ ಕಂದಾಗಿ ಮಾಗಿದ್ದವು. ಕಿವಿಯ ಸಂದಿಯಲ್ಲಿ ಮಾತ್ರ ಸಾಸಿವೆಯಷ್ಟು ಹೊಳಪು; ಮೇಷ್ಟ್ರ ಹೆಬ್ಬೆರಳು ಅಲ್ಲಿಗೆ ಇಳಿದಿರಲಿಲ್ಲ.

ವಾಹನ ನಿಧಾನವಾಗಿ ಹೊರಟಿತು. ಕಿಟಕಿಯಾಚೆ ಅಂಗಡಿಗಳು, ಮರಗಳು, ಟೋಪಿ ತೆಗೆದು ನಿಂತವರು ತೇಲಿಹೋದರು. ಮೇಷ್ಟ್ರ ಹೆಂಡತಿ ಯಾರನ್ನೂ ನೋಡಲಿಲ್ಲ. ಮಡಿಲಿನಲ್ಲಿ ನಾಣ್ಯವಿಟ್ಟುಕೊಂಡು, ಕಿರುಬೆರಳ ತುದಿಯನ್ನು ಚಕ್ರವರ್ತಿಯ ಕಿವಿಯೊಳಗೆ ಮೆಲ್ಲಗೆ ತಿರುಗಿಸುತ್ತ ಕೂತಿದ್ದರು.