ಹ್ಯಾಂಡಲ್ ಅಣ್ಣನ ಭಾಗಕ್ಕೆ ಹೋಯಿತು

ಗದ್ದೆ ಉಳುವ ಟಿಲ್ಲರನ್ನು ಎರಡು ಹೋಳು ಮಾಡಿ ಹಂಚಿಕೊಂಡ ಮಹಾನುಭಾವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿಲ್ಲದಿದ್ದರೆ ಕೇಳಿ, ನಂಜನಗೂಡಿನ ಹತ್ತಿರದ ನಮ್ಮೂರು ಹದಿನಾರಿನಲ್ಲಿ ನಾನೂ ನಮ್ಮಣ್ಣ ರಾಚಯ್ಯನೂ ಆ ಘನಕಾರ್ಯ ಮಾಡಿದ್ದೆವು. ಎಂಜಿನ್ ನನ್ನ ಕೊಟ್ಟಿಗೆಯಲ್ಲಿ. ಚಕ್ರ, ಗೇರ್‌ಬಾಕ್ಸು ಸಮೇತ ಮಿಕ್ಕ ಬಾಡಿಯೆಲ್ಲ ಗೋಡೆಯಾಚೆ ಅಣ್ಣನ ಹಿತ್ತಲಲ್ಲಿ. ಅದರ ಮೇಲೆ ಅವನ ಕೋಳಿಗಳು ಹತ್ತಿ ಕೂರುತ್ತಿದ್ದವು.

ತೊಂಬತ್ತೆಂಟನೇ ಇಸವಿಯಲ್ಲಿ ನಮಗೆ ಭಾಗವಾದಾಗ ಜಮೀನಿಗೆ ತಕರಾರಿರಲಿಲ್ಲ, ಮನೆಗಿರಲಿಲ್ಲ. ಟಿಲ್ಲರ್ ವಿಷಯಕ್ಕೆ ಬಂದಾಗ ಇಬ್ಬರಿಗೂ ತಲೆ ಕೆಟ್ಟಿತು. "ನಂಗೆ ಬ್ಯಾಡ, ಆದ್ರೆ ಅವ್ನಿಗೂ ಕೊಡಕೂಡ್ದು" ಎಂದ ಅಣ್ಣ. ನಾನೂ ಅದನ್ನೇ ಅಂದೆ. ಪಂಚಾಯ್ತಿಗೆ ಕೂತಿದ್ದ ಶಂಭುಲಿಂಗಪ್ಪನವರು ರೇಗಿಹೋಗಿ, "ಅಂಗಾರೆ ಎಂಜಿನ್ ಒಬ್ಬ ತಕ್ಕಳಿ, ಬಾಡಿ ಒಬ್ಬ ತಕ್ಕಳಿ. ಎಂಟು ದಿನಕ್ಕೆ ನೀವೇ ಒಂದಾಯ್ತೀರಿ ಓಗಿ" ಎಂದುಬಿಟ್ಟರು. ಅವರಿಗೇನು ಗೊತ್ತು ನಮ್ಮ ಮನೆಯವರ ಹಟ! ವರ್ಷಗಳೇ ಕಳೆದವು, ಒಂದು ಮಾತಿಲ್ಲ. ಎದುರಿಗೆ ಸಿಕ್ಕರೆ ಅವನು ಆಕಾಶ ನೋಡುತ್ತಿದ್ದ, ನಾನು ಚಪ್ಪಲಿ ನೋಡುತ್ತಿದ್ದೆ.

ಕೋಪ ಯಾವಾಗಲೋ ಇಳಿದಿತ್ತು. ಮೊದಲು ಯಾರು ಬಾಯಿ ಬಿಡಬೇಕು ಅನ್ನುವುದೊಂದೇ ಉಳಿದಿತ್ತು. ಬೆಳಿಗ್ಗೆ ಗೋಡೆಯಾಚೆ ಅವನು ಕೆಮ್ಮಿದರೆ ನಾನು ಹಲ್ಲುಜ್ಜುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ನನಗೆ ಅಣ್ಣ ಬೇಕಾಗಿದ್ದ. ಮೀಸೆ ಹಣ್ಣಾಗುವ ವಯಸ್ಸಿನಲ್ಲಿ ಅದನ್ನು ಯಾರ ಮುಂದೆ ಹೇಳಲಿ?

ನನ್ನ ಹೆಂಡತಿ ನಂದಿತಾ, ಅತ್ತಿಗೆ ಸರ್ವಮಂಗಳಾ ಮಾತ್ರ ಮಾತು ಬಿಟ್ಟಿರಲಿಲ್ಲ. ಗೋಡೆಯ ಮೇಲೆ ಸಾರಿನ ಪಾತ್ರೆ ಆಚೆ ಹೋಗುತ್ತಿತ್ತು, ಸುದ್ದಿ ಈಚೆ ಬರುತ್ತಿತ್ತು. ಒಂದು ದಿನ ನಂದಿತಾ ಅಕ್ಕಿ ಆರಿಸುತ್ತಾ, "ನಾಲೆ ಏರಿ ಮ್ಯಾಲೆ ಯಾರ್ದಾರ ಟಿಲ್ಲರ್ ಓದ್ರೆ ಬಾವ ಉಣ್ಣೋದ್ ಬುಟ್ಟು ಕಿವಿ ಕೊಡ್ತಾರಂತೆ ಕಣ್ರೀ. 'ಇದಲ್ಲ, ನಮ್ದರ ಸದ್ದೇ ಬ್ಯಾರೆ' ಅಂತಾರಂತೆ" ಎಂದಳು.

ನಮ್ಮದು ಅಂದನಾ! ಆ ಮಾತು ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಮಾರನೆಯ ದಿನವೇ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಎಂಜಿನ್ ಬಿಚ್ಚಿದೆ.

ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಡೀಸೆಲ್ ಹುಯ್ದು ನೆನೆಯಲು ಬಿಟ್ಟೆ. ಆಮೇಲೆ ಮರದ ತುಂಡು ಕೊಟ್ಟು ಬಡಿದು ಬಡಿದು ಹೊರಗೆ ತಂದರೆ, ರಿಂಗುಗಳು ಚೂರಾಗಿ ಬಂದವು. ನಂಜನಗೂಡಿಗೆ ಹೋಗಿ ಹೊಸ ಲೈನರ್, ಪಿಸ್ಟನ್, ರಿಂಗು ತಂದೆ. ವಾಲ್ವುಗಳಿಗೆ ಉಜ್ಜುವ ಪೇಸ್ಟು ಹಚ್ಚಿ, ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿ ತಿರುಗಿಸಿ ಕೂರಿಸಿದೆ. ಮೇಲೆ ಡೀಸೆಲ್ ಹುಯ್ದು ನೋಡಿದರೆ ಒಂದು ತೊಟ್ಟೂ ಸೋರಲಿಲ್ಲ.

"ಮನೆ ತುಂಬ ಗ್ರೀಸು. ಇದ್ಕ ಮಾಡ್ದಷ್ಟು ಸೇವೆ ಕಟ್ಕೊಂಡೋಳ್ಗೆ ಮಾಡಿದ್ರೆ ನಿಮ್ಗೆ ಪುಣ್ಯನಾದ್ರೂ ಬರ್ತಿತ್ತು" ಎಂದಳು ನಂದಿತಾ. ಬೈದಳೇ ಹೊರತು, ಬೋಲ್ಟುಗಳನ್ನು ತೊಳೆದು ತಟ್ಟೆಯಲ್ಲಿ ಜೋಡಿಸಿ ಕೊಟ್ಟವಳೂ ಅವಳೇ.

ಎಲ್ಲ ಕೂಡಿಸಿ, ಎಂಜಿನನ್ನು ಅಂಗಳದಲ್ಲಿ ಎರಡು ತೊಲೆಗಳಿಗೆ ಬಿಗಿದು ನಿಲ್ಲಿಸಿದೆ. ಇನ್ನು ತಿರುಗಿಸಿ ಸ್ಟಾರ್ಟ್ ಮಾಡಲು ಹ್ಯಾಂಡಲ್ ಬೇಕು. ಅದು ಬಾಡಿಯ ಜೊತೆಗಿದ್ದದ್ದರಿಂದ ಅಣ್ಣನ ಭಾಗಕ್ಕೆ ಹೋಗಿತ್ತು. ನಂಜನಗೂಡಿನಲ್ಲಿ ಹೊಸದು ಸಿಗುತ್ತಿರಲಿಲ್ಲವೇ? ದಂಡಿಯಾಗಿ ಸಿಗುತ್ತಿತ್ತು. ನನಗದು ಬೇಡ. ಅಣ್ಣನ ಮನೆಯಿಂದಲೇ ಬರಬೇಕು, ಇಲ್ಲದಿದ್ದರೆ ಎಂಜಿನ್ ಹಾಳಾಗಿ ಹೋಗಲಿ.

"ಅತ್ತಿಗೇನ ಕೇಳಿ ನೋಡು" ಎಂದೆ. ನಂದಿತಾ ಹೋದವಳು ಮಂಕರಿಯಲ್ಲಿ ಸೊಪ್ಪಿನ ಕೆಳಗೆ ಮುಚ್ಚಿಕೊಂಡು ತಂದಳು. ಹಿಡಿದು ನೋಡಿದೆ. ತುಕ್ಕಿನ ಚುಕ್ಕೆಯಿಲ್ಲ. ಕೈಗೆ ಎಣ್ಣೆ ಮೆತ್ತಿತು, ಹಿಡಿಯ ಬುಡದಲ್ಲಿ ವಿಭೂತಿ ಒಣಗಿತ್ತು.

"ಅತ್ತಿಗೆ ಇಟ್ರಾ ಈ ಇಬೂತಿನ?"

"ಅಕ್ಕಂಗ್ಯಾಕ್ ಬೇಕ್ರೀ ಅದು? ವರ್ಷಾ ವರ್ಷಾ ಆಯುಧಪೂಜೆಗೆ ಬಾವನೇ ತೆಗ್ದು ಒರ್ಸಿ, ಎಣ್ಣೆ ಅಚ್ಚಿ, ಇಬೂತಿ ಇಕ್ತಾರಂತೆ."

ನಾನು ಅತ್ತುಬಿಟ್ಟೆ. ಗೋಡೆಯೀಚೆ ಆ ಕೆಟ್ಟ ಎಂಜಿನ್ನಿಗೆ ನಾನೂ ಪ್ರತಿ ವರ್ಷ ವಿಭೂತಿ ಇಡುತ್ತಲೇ ಇದ್ದೆ.

ಎಂಜಿನ್ ತಿರುಗಿಸುವಾಗ ಮೇಲಿನ ಲಿವರ್ ಎತ್ತಿ ಹಿಡಿಯಬೇಕು. ಆಗ ಒಳಗಿನ ಗಾಳಿ ಹೊರಗೆ ಹೋಗಿ ಹ್ಯಾಂಡಲ್ ಸಲೀಸಾಗಿ ಸುತ್ತುತ್ತದೆ. ವೇಗ ಬಂದ ತಕ್ಷಣ ಲಿವರ್ ಬಿಟ್ಟರೆ ಹತ್ತಿಕೊಳ್ಳುತ್ತದೆ. ಊರಲ್ಲೆಲ್ಲ ಇದು ಒಬ್ಬನೇ ಮಾಡುವ ಕೆಲಸ. ನಮ್ಮಲ್ಲಿ ಮಾತ್ರ ಅಣ್ಣ ಹ್ಯಾಂಡಲ್ ಸುತ್ತುವವನು, ನಾನು ಲಿವರ್ ಹಿಡಿಯುವವನು. ಅವನು "ಬುಡ್ಲಾ!" ಅಂದಾಗ ನಾನು ಬಿಡಬೇಕು. ಜೋಡೆತ್ತು ಬಂದವು ನೋಡು ಎಂದು ಊರವರು ನಗುತ್ತಿದ್ದರು. ಹೀಗಾಗಿ ಯಾವಾಗ ಬಿಡಬೇಕು ಅನ್ನುವುದನ್ನು ನಾನು ಕಲಿಯಲೇ ಇಲ್ಲ.

ಎಡಗೈಯಲ್ಲಿ ಲಿವರ್, ಬಲಗೈಯಲ್ಲಿ ಹ್ಯಾಂಡಲ್. ಸುತ್ತಿದೆ, ಬಿಟ್ಟೆ. ಗೊರ್ ಎಂದು ನಿಂತಿತು. ಮತ್ತೆ ಸುತ್ತಿದೆ. ಬೇಗ ಬಿಟ್ಟೆನೋ, ತಡವಾಯಿತೋ ತಿಳಿಯಲಿಲ್ಲ, ತೋಳುಗಳು ಬಿದ್ದುಹೋದವು. "ಬುಡಿ ಅತ್ಲಾಗೆ, ನಾಳೆ ನೋಡಾನ" ಎಂದಳು ನಂದಿತಾ. ಇಷ್ಟು ಮಾಡಿ ಇದಕ್ಕೆ ಉಸಿರು ಬರದಿದ್ದರೆ ಅವನಿಗೆ ಏನು ಕೇಳಿಸುವುದು? ಹಲ್ಲು ಕಚ್ಚಿ ಇನ್ನೊಂದು ಸಲ ಸುತ್ತಿದೆ.

"ಬುಡ್ಲಾ ನಂಜೇಶ!"

ಗೋಡೆಯಾಚೆಯಿಂದ ಬಂತು. ನಾನು ಯೋಚಿಸಲಿಲ್ಲ, ಕೈ ತಾನಾಗಿ ಬಿಟ್ಟಿತು. ಎಂಜಿನ್ ಕರಿ ಹೊಗೆ ಉಗುಳಿ ಡುಬುಡುಬು ಎಂದು ಹೊಡೆದುಕೊಳ್ಳತೊಡಗಿತು. ತೊಲೆಗಳು ಅದುರಿದವು. "ಅಣ್ಣಯ್ಯಾ!" ಎಂದು ಕೂಗಿದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಗೋಡೆಯ ಮೇಲೆ ಯಾರ ತಲೆಯೂ ಕಾಣಲಿಲ್ಲ. ಹೊರಟೇಹೋದನೇನೋ ಎಂದುಕೊಂಡೆ. ಎಂಜಿನ್ ನಿಲ್ಲಿಸಿದೆ.

"ಯಾಕ್ಲಾ ನಿಲ್ಸ್‌ಬುಟ್ಟೆ? ವಸಿ ಒತ್ತು ಕೇಳ್ತಿದ್ದೆ" ಎಂದ ಅಣ್ಣ. ದನಿ ಗೋಡೆಗೆ ಆತುಕೊಂಡಷ್ಟು ಹತ್ತಿರವಿತ್ತು.

"ಒಬ್ಬಂಗೆ ಆಗಕಿಲ್ಲ ಕಣಣ್ಣಯ್ಯ" ಎಂದೆ. "ಬಾ."

ಗೋಡೆಯಾಚೆ "ಉಶ್, ಉಶ್" ಎಂದು ಓಡಿಸುವುದು ಕೇಳಿಸಿತು. ಕೋಳಿಗಳು ಕೂಗಾಡುತ್ತಾ ಬಾಡಿಯ ಮೇಲಿನಿಂದ ಕೆಳಗೆ ಹಾರಿದವು.