ಎರಡು ಓಣಿಯ ಬೀಪಿ

"ಇದು ಆಗೋ ಮಾತಲ್ಲ," ಎಂದು ಮಹೇಶ್ವರಿ ಕಂಪ್ಯೂಟರಿಗೇ ಹೇಳಿದಳು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

ಪರದೆಯ ಮೇಲೆ ಎರಡು ಗೆರೆಗಳಿದ್ದವು, ಒಂದು ಕೆಂಪು, ಒಂದು ನೀಲಿ. ಕೆಂಪು ಗೆರೆ ಅವಳದು, ಅಂದರೆ ಬ್ಯಾಡಗಿಯ ಹೊಂಡದ ಓಣಿಯ ಹೆಂಗಸರದು. ಆರು ತಿಂಗಳು ರಜೆ ಇದ್ದಾಗಲೆಲ್ಲ ಅವರ ಮನೆಮನೆಗೆ ಹೋಗಿ ಕುಳಿತು, ಬೀಪಿ ಗುಳಿಗೆ ಏಕೆ ನುಂಗಬೇಕು, ನಡುವೆ ಬಿಟ್ಟರೆ ಏನಾಗುತ್ತದೆ, ಉಪ್ಪಿನಕಾಯಿ ಹಪ್ಪಳ ಏಕೆ ಕಡಿಮೆ ಮಾಡಬೇಕು ಎಂದು ಚಿತ್ರ ತೋರಿಸಿ ತಿಳಿಹೇಳಿದ್ದಳು. ಅವರ ಬೀಪಿ ಇಳಿದಿತ್ತು. ಇಳಿಯಲೇಬೇಕಿತ್ತು, ಗಂಟಲು ಕಟ್ಟುವಷ್ಟು ಮಾತಾಡಿದ್ದಳಲ್ಲ! ನೀಲಿ ಗೆರೆ ಊರಿನ ಇನ್ನೊಂದು ತುದಿಯ ಕೋಟೆ ಓಣಿಯವರದು. ಅವರಿಗೂ ಸರಕಾರಿ ದವಾಖಾನೆಯ ಅದೇ ಡಾಕ್ಟರು ಬರೆದುಕೊಟ್ಟ ಅದೇ ಗುಳಿಗೆ. ತಿಳಿಹೇಳುವವರು ಮಾತ್ರ ಯಾರೂ ಇಲ್ಲ. ಅಧ್ಯಯನ ಮುಗಿದ ಮೇಲೆ ಅವರಿಗೂ ಹೇಳುವುದು ಎಂದಿತ್ತು. ಅಲ್ಲಿಯವರೆಗೆ ಜೊತೆಯ ಉಪನ್ಯಾಸಕ ಮಧು ತಿಂಗಳಿಗೊಮ್ಮೆ ಹೋಗಿ ಅವರ ಬೀಪಿ ನೋಡಿ, ಬರೆದುಕೊಂಡು, ತುಟಿ ಪಿಟಕ್ಕೆನ್ನದೆ ಬರಬೇಕು. ಹೇಳಿಸಿಕೊಳ್ಳದವರು ಗುಳಿಗೆಯನ್ನು ಅರ್ಧಕ್ಕೆ ಬಿಡುತ್ತಾರೆ, ಬೀಪಿ ಇದ್ದಲ್ಲೇ ಇರುತ್ತದೆ, ರೋಗಿಗೆ ಔಷಧದಷ್ಟೇ ಮಾತೂ ಬೇಕು ಎಂಬುದು ಸಾಬೀತಾಗುತ್ತದೆ. ಅವಳ ಪಿಎಚ್‌ಡಿ ನಿಂತದ್ದೇ ಇದರ ಮೇಲೆ.

ಆದರೆ ನೀಲಿ ಗೆರೆಯೂ ಇಳಿದಿತ್ತು. ಕೆಂಪಿನ ಕೈ ಹಿಡಿದುಕೊಂಡೇ ಬಂದಂತೆ, ಅದರ ಪಕ್ಕದಲ್ಲೇ ಇಳಿದಿತ್ತು.

ಮಹೇಶ್ವರಿಯ ತಲೆಗೆ ಮೊದಲು ಬಂದದ್ದು ಮಧುವಿನ ಮುಖ. ಆ ಮುಖದಲ್ಲಿ ಯಾವಾಗಲೂ ಒಂದು ನಗು ಇರುತ್ತಿತ್ತು. ಇಷ್ಟು ದಿನ ಅದು ಒಳ್ಳೆಯತನದ ನಗು ಎಂದುಕೊಂಡಿದ್ದಳು. ಹಳೆಯ ಪ್ರಿನ್ಸಿಪಾಲರು ಹೋದ ತಿಂಗಳು ನಿವೃತ್ತರಾಗಿದ್ದರು. ರಾಣೇಬೆನ್ನೂರಿನ ಈ ಸಣ್ಣ ಫಾರ್ಮಸಿ ಕಾಲೇಜಿನಲ್ಲಿ ಆ ಕುರ್ಚಿಗೆ ಇದ್ದವರು ಇಬ್ಬರೇ. ಅವಳಿಗೆ ಸರ್ವಿಸ್ ಹೆಚ್ಚು, ಅವನಿಗೆ ಪಿಎಚ್‌ಡಿ ಆಗಲೇ ಆಗಿತ್ತು. ಅವಳದು ಮುಗಿದರೆ ಕುರ್ಚಿ ಅವಳದು, ಮುಗಿಯದಿದ್ದರೆ ಅವನದು. ಆ ನಿವೃತ್ತಿ ಬರುವುದು ಗೊತ್ತಿದ್ದೂ, ಆರು ತಿಂಗಳ ಹಿಂದೆ "ನಿಮ್ಮ ಕೋಟೆ ಓಣಿ ಕೆಲಸ ನಾ ಮಾಡಿಕೊಡ್ತೇನಿ ಬಿಡ್ರಿ ಮೇಡಂ" ಎಂದು ತಾನಾಗಿ ಮುಂದೆ ಬಂದವನು ಅವನೇ ಅಲ್ಲವೆ? ಯಾರು ಯಾರಿಗೆ ಸುಮ್ಮನೆ ಏನು ಮಾಡಿಕೊಡುತ್ತಾರೆ ಈ ಕಾಲದಲ್ಲಿ! ಮನೆಯಲ್ಲಿ ಕುಳಿತು ಚಾ ಕುಡಿಯುತ್ತ ಅಂಕಿ ತುಂಬಿರಬೇಕು ಎನಿಸಿತು. ಎನಿಸಿದ ಮೇಲೆ ಕೇಳಬೇಕೆ, ಒಂದರ ಹಿಂದೆ ಒಂದು ಸಾಲುಗಟ್ಟಿ ಬಂದವು. ಹದಿನೈದು ದಿನದ ಹಿಂದೆ ಬಸ್ಸಿನಿಂದ ಅವನ ಬೈಕು ಕಂಡದ್ದು, ಕೋಟೆ ಓಣಿಯ ಬಾಯಲ್ಲೇ, ಬೀಪಿ ನೋಡುವ ದಿನವಲ್ಲದ ದಿನ. ಮರುದಿನ ಕೇಳಿದಾಗ "ನಾನಾ? ಬ್ಯಾಡಗಿಗಾ? ಇಲ್ರಿ ಮೇಡಂ" ಎಂದು ಕಿವಿ ಕೆಂಪಗೆ ಮಾಡಿಕೊಂಡದ್ದು. ತಾನು ಒಳಗೆ ಬಂದರೆ ಫೋನು ಕಟ್ ಮಾಡುವುದು. ಅಬ್ಬಾ, ಹಾಲು ಕುಡಿಯುವ ಮುಖ ಹೊತ್ತುಕೊಂಡು ಎಂಥ ಕೆಲಸ!

ಸಿಟ್ಟು ಬಂದರೆ ಮಹೇಶ್ವರಿ ಕೂಡುವವಳಲ್ಲ. ಮೇಡ್ಲೇರಿಯ ನೀರು ಕುಡಿದು ಬೆಳೆದವಳು. ಸಂಜೆಗೇ ಸಂಸ್ಥೆಯ ಚೇರ್ಮನ್ ಶೇಖಪ್ಪನವರ ಹತ್ತಿಬೀಜದ ಅಂಗಡಿಗೆ ಹೋದಳು. ಶೇಖಪ್ಪನವರಿಗೆ ರಾಣೇಬೆನ್ನೂರಿನಲ್ಲಿ ಬೀಜದ ವ್ಯಾಪಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಕಾಲೇಜು ನಡೆಸುವುದು ಅವರಿಗೆ ಮೂರನೆಯದು. ಮೂರನ್ನೂ ಒಂದೇ ದನಿಯಲ್ಲಿ, ಅಂದರೆ ಬೀದಿಗೆಲ್ಲ ಕೇಳುವ ಹಾಗೆ, ನಡೆಸುತ್ತಿದ್ದರು.

ಅವಳು ಹೇಳಿದ್ದನ್ನೆಲ್ಲ ಕೇಳಿ ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆ ಹುಡುಗ ಹಂತಾವ ಅಂತ ಅನಸೂದಿಲ್ಲಲ್ರಿ ಮೇಡಂ. ನಿಮಗ ಖಾತ್ರಿ ಐತೇನು?"

"ಐತ್ರಿ," ಎಂದಳು ಮಹೇಶ್ವರಿ.

ಖಾತ್ರಿ ಎಲ್ಲಿತ್ತು? ಇದ್ದದ್ದು ಹೊಟ್ಟೆಯೊಳಗಿನ ಕಿಚ್ಚು. ಆದರೆ ಮಾತು ಬಾಯಿ ಬಿಟ್ಟು ಹೊರಗೆ ಬಿದ್ದಿತ್ತು, ಶೇಖಪ್ಪನವರು ಅದನ್ನು ತೂಕಕ್ಕೆ ಹಾಕಿ ಒಳಗೆ ಇಟ್ಟುಕೊಂಡಿದ್ದರು. "ಕಳ್ಳ ಅಂಕಿ ಬರೆಯಾವಗ ನನ್ನ ಕಾಲೇಜಿನ್ಯಾಗ ಜಾಗಾ ಇಲ್ಲ ಬಿಡ್ರಿ" ಎಂದರು. ಅಂಗಡಿಯ ಮೆಟ್ಟಿಲು ಇಳಿಯುವಾಗ ಅವಳಿಗೆ ಒಂದು ಕ್ಷಣ ಹಗುರ ಎನಿಸಿತು, ಖರೇ ಹೇಳಬೇಕೆಂದರೆ ಖುಷಿಯೇ ಆಯಿತು. ನಾಳೆ ತಾನೇ ಹೋಗಿ ಕೋಟೆ ಓಣಿಯವರ ಬೀಪಿ ನೋಡಿದರೆ ಮುಗಿಯಿತು. ಅದು ಏರಿಯೇ ಇರುತ್ತದೆ. ಕಳ್ಳ ಅಲ್ಲೇ ಸಿಗುತ್ತಾನೆ.

ಮರುದಿನ ರಜೆ ಹಾಕಿ, ಬೀಪಿ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಬ್ಯಾಡಗಿಯ ಬಸ್ಸು ಹತ್ತಿದಳು. ಮೋಟೆಬೆನ್ನೂರಿನ ಹತ್ತಿರ ಬಸ್ಸು ಹೊರಳಿದ್ದೇ ತಡ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು, ಪರ ಊರಿನವರೊಬ್ಬರು ಸೀನತೊಡಗಿದರು. ಕೋಟೆ ಓಣಿಗೆ ಹೋದರೆ ಮನೆಮನೆಗೂ ಬೀಗ. ಕಟ್ಟೆಯ ಮೇಲೆ ಕೂತಿದ್ದ ಮುದುಕನನ್ನು ಕೇಳಿದಳು.

"ಹೆಣ್ಣಮಕ್ಕಳು ಮನ್ಯಾಗ ಎಲ್ಲಿ ಸಿಗ್ತಾರವಾ ಈಗ? ಎಲ್ಲಾರೂ ತುಂಬು ಬಿಡಸಾಕ ಹೋಗ್ಯಾರ. ಮಾರ್ಕೆಟ್ಟಿನ ಹಿಂದ ತಗಡಿನ ಶೆಡ್ ಐತಿ ನೋಡು."

ತುಂಬು ಬಿಡಿಸುವುದೆಂದರೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು. ಅದು ಇಲ್ಲಿನ ಹೆಂಗಸರ ಕೆಲಸವೆಂದು ಮಹೇಶ್ವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವಳು ಬರುತ್ತಿದ್ದದ್ದೆಲ್ಲ ರಜೆಯ ದಿನ, ಹೆಂಗಸರು ಮನೆಯಲ್ಲಿರುವ ದಿನ. ಓಣಿ ನೋಡಿ ಗುಂಪು ಮಾಡಿದ್ದಳೇ ಹೊರತು ಹಗಲು ಎಲ್ಲಿರುತ್ತೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಶೆಡ್ಡಿನೊಳಗೆ ಕಾಲಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನೆಲದ ತುಂಬ ಕೆಂಪು ರಾಶಿ, ರಾಶಿಯ ಸುತ್ತ ಹೆಂಗಸರು. ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು.

"ಅಯ್ಯ, ಅಕ್ಕಾರು ಬಂದ್ರ!" ಎಂದು ಒಬ್ಬಳು ಬಟ್ಟೆ ಸರಿಸಿದಳು. ಹೊಂಡದ ಓಣಿಯ ಹೊನ್ನವ್ವ. ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತವಳು ಕೋಟೆ ಓಣಿಯ ಸುಗರಾಬಿ. ಮಹೇಶ್ವರಿ ಉಳಿದವರನ್ನೂ ನೋಡಿದಳು. ಆ ಓಣಿ ಈ ಓಣಿ ಎಂದಿಲ್ಲದೆ ಎಲ್ಲರೂ ಕಲಸಿ ಕುಳಿತಿದ್ದರು.

ಅವಳು ಏನೂ ಹೇಳದೆ ಸುಗರಾಬಿಯ ಪಕ್ಕದಲ್ಲಿ ಕುಕ್ಕರಿಸಿ, ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದಳು. ಬೀಪಿ ಮಧು ಬರೆದಷ್ಟೇ ಇತ್ತು. ಇನ್ನೊಬ್ಬಳದನ್ನು ನೋಡಿದಳು, ಮತ್ತೊಬ್ಬಳದನ್ನು ನೋಡಿದಳು. ಎಲ್ಲವೂ ಮಧುವಿನ ಲೆಕ್ಕಕ್ಕೆ ಸರಿಹೋದವು.

"ಸುಗರಾಬಿ, ಖರೇ ಹೇಳ್ರಿ. ಮಧು ಸರ್ ಬಂದಾಗ ನಿಮಗ ಗುಳಿಗಿ ಬಗ್ಗೆ ಏನರ ಹೇಳತಿದ್ರೇನು?"

"ಯಾರು, ಆ ಮೂಕ ಮಾಸ್ತರಾ?" ಸುಗರಾಬಿ ನಕ್ಕಳು. "ಪಟ್ಟಿ ಕಟ್ಟತಿದ್ದ, ಬರಕೋತಿದ್ದ, ಹೋಗತಿದ್ದ. ಚಾ ಕುಡೀರಿ ಅಂದ್ರೂ ಮಾತಿಲ್ಲ. ಪಾಪ, ನಾಲಿಗಿ ಎಲ್ಲೋ ಅಡವಿಟ್ಟಾನ ಅಂತಿದ್ವಿ."

"ಮತ್ತ ನೀವು ಗುಳಿಗಿ ತಪ್ಪಸಲಿಲ್ಲ?"

"ತಪ್ಪಸಾಕ ಈ ಮುದುಕಿ ಬಿಡಬೇಕಲ್ರಿ!" ಎಂದು ಸುಗರಾಬಿ ಹೊನ್ನವ್ವನ ಭುಜಕ್ಕೆ ಗುದ್ದಿದಳು.

ಹೊನ್ನವ್ವನಿಗೆ ಅಷ್ಟೇ ಸಾಕಾಗಿತ್ತು. "ನೀವ ಹೇಳೀರಲ್ರಿ ಅಕ್ಕಾರ. ಬೀಪಿ ಅಂದ್ರ ಮೈಯಾಗಿನ ನಳದ ನೀರು, ಜೋರ ಬಂದ್ರ ಪೈಪ ಒಡೀತೈತಿ. ಗುಳಿಗಿ ಅಂದ್ರ ನೀರು ಬಿಡೋ ವಾಲ್‌ಮನ್. ವಾಲ್‌ಮನ್ ಒಂದಿನ ರಜಾ ಹಾಕಿದ್ರ ಓಣಿ ತುಂಬ ನೀರ!" ವಾಲ್‌ಮನ್ನನನ್ನು ಮಹೇಶ್ವರಿ ಹೇಳಿರಲಿಲ್ಲ, ಅವನು ಹೊನ್ನವ್ವನ ಸ್ವಂತ ನೇಮಕಾತಿ. "ಇವರಿಗೆ ಯಾರೂ ಹೇಳಾವರಿಲ್ಲ ಅಂದ್ರು. ನೀವು ನನಗ ಐತವಾರ ಹೇಳಿದ್ದು ಸೋಮವಾರ ಇಲ್ಲಿ ಹೇಳತಿದ್ನಿ. ಚಾ ಬಂತಂದ್ರ ಎಲ್ಲಾರೂ ಸೆರಗಿನ ಗಂಟ ಬಿಚ್ಚಬೇಕು, ಗುಳಿಗಿ ಬಾಯಿಗೆ ಹಾಕ್ಕೋಬೇಕು. ನುಂಗದಾಕಿಗೆ ಚಾ ಇಲ್ಲ!"

ಹೆಂಗಸರೆಲ್ಲ ನಕ್ಕರು. ಮಹೇಶ್ವರಿಗೂ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಯಾರೂ ಅಂಕಿ ತಿದ್ದಿರಲಿಲ್ಲ. ಅವಳು ಒಂದು ಓಣಿಗೆ ಹೇಳಿದ್ದು ಎರಡು ಓಣಿಗೂ ಮುಟ್ಟಿತ್ತು, ಅಷ್ಟೇ. ಮಧು ಕಂಡದ್ದನ್ನು ಕಂಡಂತೆ ಬರೆದಿದ್ದ.

"ಅಂದಂಗ ಅಕ್ಕಾರ," ಸುಗರಾಬಿ ದನಿ ತಗ್ಗಿಸಿದಳು, "ಆ ಮೂಕ ಮಾಸ್ತರ ಏನೋ ಕಳ್ಳ ಲೆಕ್ಕ ಬರದು ಸಿಕ್ಕೊಂಡಾನಂತಲ್ರಿ? ನೌಕರಿ ಹೋತಂತ?"

"ಯಾರು ಹೇಳಿದ್ರು ನಿಮಗ?"

"ಮಾರ್ಕೆಟ್ ತುಂಬ ಅದ ಮಾತ ಐತ್ರಿ. ಗೋಣಿಚೀಲದ ಅಂಗಡಿ ಭರಮಣ್ಣನ ಮಗಳನ್ನ ನೋಡಾಕ ಬಂದಿದ್ನಲ್ರಿ ಅಂವ, ನಮ್ಮ ಓಣಿಗೆ. ಹುಡುಗಿ ಒಪ್ಪಿತ್ತು, ಯಾರಿಗೂ ಹೇಳಬ್ಯಾಡ್ರಿ ಮೊದಲ ಮಾತಾಗಲಿ ಅಂತಿದ್ರು. ಹುಡುಗ ಹೆಂಗ ಅಂತ ಭರಮಣ್ಣ ಶೇಖಪ್ಪ ಸಾವಕಾರ್ರನ್ನ ಮೊದಲ ಕೇಳಿದ್ನಂತ, ಮುಂಜಾನೆ ಅವರು ಫೋನ್ ಮಾಡಿ, ಆ ಹುಡುಗನ ಕೈ ಸ್ವಚ್ಛ ಇಲ್ಲ, ನೋಡಿ ಕೊಡು ಅಂದ್ರಂತ. ಭರಮಣ್ಣ ಬ್ಯಾಡ ಅಂತ ಹೇಳಿ ಕಳಿಸ್ಯಾನ."

ಓಣಿಯ ಬಾಯಲ್ಲಿ ನಿಂತಿದ್ದ ಬೈಕು, ಕೆಂಪಾದ ಕಿವಿ, ಕಟ್ ಮಾಡಿದ ಫೋನು. ಅಷ್ಟಕ್ಕೂ ಇಷ್ಟೇ ಕಾರಣವಿತ್ತು. ಮಹೇಶ್ವರಿಗೆ ತನ್ನ ಮೇಲೆ ಅಸಹ್ಯವಾಯಿತು. ಒಂದೇ ಒಂದು ಪದ ಹೇಳಿದ್ದಳು, ಐತ್ರಿ ಎಂದು.

ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ಶೇಖಪ್ಪನವರು. ಆ ದನಿ ಫೋನಿನಿಂದ ಹೊರಗೇ ಕೇಳುತ್ತಿತ್ತು, ಹೆಂಗಸರ ಕೈ ನಿಧಾನವಾಯಿತು.

"ಮೇಡಂ, ನಾಳೆ ಹತ್ತಕ್ಕ ಬಂದು ಪ್ರಿನ್ಸಿಪಾಲ್ ಚಾರ್ಜ್ ತಗೋರಿ. ಆ ಹುಡುಗಗ ಮನ್ಯಾಗಿರು ಅಂತ ಹೇಳೇನಿ. ನಿಮ್ಮ ಪಿಎಚ್‌ಡಿ ಹಿಂದಾಗಡೆ ಆಗಲಿ, ಅವಸರಿಲ್ಲ."

ಹದಿನಾಲ್ಕು ವರ್ಷ ಪಾಠ ಹೇಳಿದ ಮೇಲೆ ಬಂದ ಮಾತು. ಸುಮ್ಮನೆ "ಹೂಂ" ಎಂದರೆ ಸಾಕಿತ್ತು. ಅಂಕಿ ತಪ್ಪೆಂದು ನೀಲಿ ಗೆರೆಯನ್ನು ಕಿತ್ತೆಸೆದು ಹೊಸದಾಗಿ ಅಳೆದುಕೊಳ್ಳಬಹುದಿತ್ತು; ಕೇಳುವವರು ಯಾರು? ಮಹೇಶ್ವರಿಯ ಬಾಯಿ "ಹೂಂ" ಎನ್ನುವುದಕ್ಕೆ ತೆರೆದೂ ಇತ್ತು.

"ಸರ್, ಅಂಕಿ ಬರೋಬ್ಬರಿ ಅದಾವ್ರಿ," ಎಂದಳು. "ನಾನು ಬ್ಯಾಡಗ್ಯಾಗ ಅದೇನಿ, ನಾನ ನೋಡೇನಿ. ಮಧು ಅವರದೇನೂ ತಪ್ಪಿಲ್ಲ. ತಪ್ಪು ನಂದು. ಖಾತ್ರಿ ಇಲ್ದ ನಿಮ್ಮ ಮುಂದ ಹೇಳಿದೆ."

ಆ ಕಡೆಯ ದನಿ ಇನ್ನೂ ಏರಿತು. "ನಿನ್ನೆ ಐತಿ ಅಂದ್ರಿ, ಇವತ್ತ ಇಲ್ಲ ಅಂತೀರಿ. ಇದೇನು ಹುಡುಗಾಟಿಕಿನ್ರಿ ಮೇಡಂ? ನಿಮ್ಮ ಮಾತ ಕೇಳಿ ನಾನು ಊರ ಮುಂದ ಹಗುರಾದೆ. ಇಬ್ಬರೂ ಪಾಠ ಹೇಳಕೋತ ಇರ್ರಿ. ಆ ಕುರ್ಚಿಗೆ ದಾವಣಗೇರಿಯಿಂದ ಯಾರನ್ನರ ತರ್ತೇನಿ." ಫೋನು ಕಟ್ಟಾಯಿತು.

ಕುರ್ಚಿ ಹೋಯಿತು. ಅಳು ಬಂತು, ಶೆಡ್ಡಿನ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರಿದ್ದದ್ದು ಒಳ್ಳೆಯದೇ ಆಯಿತು. ಆದರೆ ಮಧುವಿನ ನೌಕರಿ ಉಳಿಯಿತು. ಉಳಿದದ್ದು ಭರಮಣ್ಣನ ಮನೆ. ಅಲ್ಲಿಗೆ ತಾನು ಹೋಗುವುದಕ್ಕಿಂತ ಈ ಶೆಡ್ಡಿನಲ್ಲಿ ಹೇಳಿದರೆ ಮಾತು ಲಗೂ ಮುಟ್ಟುತ್ತದೆ ಎಂಬುದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ನಿಂತಳು.

"ಎಲ್ಲಾರೂ ಕೇಳ್ರಿ ಇಲ್ಲೆ. ಮಧು ಸರ್ ಕಳ್ಳ ಲೆಕ್ಕ ಬರದಿಲ್ಲ. ಅವರಷ್ಟು ಚೊಲೋ ಮನಶ್ಯಾ ನಮ್ಮ ಕಾಲೇಜಿನ್ಯಾಗ ಇಲ್ಲ. ಸಾವಕಾರ್ರಿಗೆ ಚಾಡಿ ಹೇಳಿದಾಕಿ ನಾನು, ಸಂಶೇ ಬಂದು ಸುಳ್ಳ ಹೇಳಿದೆ. ಇದನ್ನ ಭರಮಣ್ಣನವರ ಮನೀಗೆ ಮುಟ್ಟಸ್ರಿ. ಆ ಹುಡುಗಿಗೆ ಮುಟ್ಟಸ್ರಿ. ಕೈ ಮುಗಿದು ಕೇಳ್ತೇನಿ."

ಆಡಬೇಕಾದದ್ದನ್ನು ಆಡಿದ ಸಮಾಧಾನಕ್ಕೆ ಅವಳ ದನಿ ನಡುಗಿತು, ಕಣ್ಣೊರೆಸಿಕೊಂಡಳು. ಹೊನ್ನವ್ವ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡು ಅವಳ ಕೊರಳನ್ನು, ಕಾಲ್ಬೆರಳನ್ನು ನೋಡಿದಳು.

"ಅಕ್ಕಾರ," ಎಂದಳು ಸುಗರಾಬಿ, ಬಹಳ ಮೆತ್ತಗೆ, "ನಿಮ್ಮದು ಲಗ್ನ ಆಗೇತೇನ್ರಿ?"

"ಇಲ್ಲ. ಯಾಕ?"

"ಏನಿಲ್ರಿ. ಮಾಸ್ತರಗೂ ಆಗಿಲ್ಲಲ್ಲ, ಹಂಗ ಕೇಳಿದೆ."

ಸುಗರಾಬಿ ಹೊನ್ನವ್ವನ ಕಡೆ ನೋಡಿದಳು. ಹೊನ್ನವ್ವ ಮುಖದ ಬಟ್ಟೆಯನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಪಕ್ಕದವಳ ಕಡೆ ವಾಲಿದಳು, ಆ ಪಕ್ಕದವಳು ಇನ್ನೊಬ್ಬಳ ಕಡೆ. ನಿಂತಿದ್ದ ಕೈಗಳೆಲ್ಲ ಮತ್ತೆ ಚುರುಕಾದವು, ತೊಟ್ಟುಗಳು ಚಟಚಟನೆ ಮುರಿದು ಬೀಳತೊಡಗಿದವು, ಶೆಡ್ಡಿನ ಆ ತುದಿಯವರೆಗೂ ತಲೆಗಳು ಒಂದರ ಹಿಂದೆ ಒಂದು ಒಂದಕ್ಕೊಂದು ಬಾಗುತ್ತ ಹೋದವು.